ಅವಳೇ ಹೊಲಿದ ಲೇಬಲ್

ಬ್ಯಾಗಕ್ಕ ಹೊಲಿದ ಶಾಲಾ ಚೀಲ ಬೇಗ ಹರಿಯುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವವಳು ಅವಳೇ, ಐವರು ಹೆಂಗಸರಿಗೆ ಹೊಲಿಗೆ ಕಲಿಸಿ ಕೆಲಸ ಕೊಟ್ಟವಳೂ ಅವಳೇ. ಆದರೆ ಪ್ರತಿ ಚೀಲದ ಒಳಗೆ ಅವಳು ಕೊನೆಯಲ್ಲಿ ಹೊಲಿಯುತ್ತಿದ್ದ ಪುಟ್ಟ ಲೇಬಲ್ಲಿನಲ್ಲಿ ಗಂಡನ ಅಣ್ಣನ ಹೆಸರಿತ್ತು. ಅಂಗಡಿ, ಪರವಾನಗಿ, ಬ್ಯಾಂಕ್ ಖಾತೆ ಎಲ್ಲವೂ ಆ ಭಾವನ ಹೆಸರಲ್ಲೇ.

ಸೋಪು ತಯಾರಿಸುವ ಗೆಳತಿ ಒಂದು ದಿನ ಲೇಬಲ್ ನೋಡಿ ಕೇಳಿದಳು, "ನಿಮ್ ಭಾವ ಯಾವತ್ತಾದ್ರೂ ಸೂಜಿ ಹಿಡಿದಿದ್ರಾ?"

"ಹಿಡಿದಿದ್ರಲ್ಲ, ಕಾಲಿನ ಮುಳ್ಳು ತೆಗೆಯೋಕೆ."

"ನಗಬೇಡ. ಈ ಹೊಲಿಗೆ ಕೆಲಸಾನ ನಿನ್ನ ಹೆಸರಲ್ಲಿ ನೋಂದಣಿ ಮಾಡಿಸ್ಕೊ. ನಾನೂ ಮಾಡಿಸಿದೀನಿ. ಜೊತೆಗೆ ಬರ್ತೀನಿ ಬಾ."

ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಅಂದರು, "ಮನೆ ಒಂದೇ ಅಂದ್ಮೇಲೆ ಹೆಸರು ಯಾರದಾದ್ರೇನಮ್ಮ?"

ಬ್ಯಾಗಕ್ಕನಿಗೂ ಹಾಗೇ ಅನ್ನಿಸಿತು. ಕಚೇರಿಯಲ್ಲಿ ಬಾಯಿ ಬಿಡಬೇಕಲ್ಲ ಎಂಬ ಅಳುಕೂ ಇತ್ತು. "ಮುಂದಿನ ವಾರ ಹೋಗೋಣ" ಅಂದಳು. ಆ ವಾರ ಬರಲೇ ಇಲ್ಲ.

ಭಾವ ಬೇರೆ ವ್ಯಾಪಾರಕ್ಕೆ ಕೈಹಾಕಿ, ಅಂಗಡಿಯನ್ನು ಹೆಸರಿನ ಸಮೇತ ಮಾರಿಬಿಟ್ಟ. ಹೊಸ ಮಾಲೀಕ ಹೊರಗಿನಿಂದ ಚೀಲ ತರಿಸಿದ, ಹಿಂದಿನ ಕೋಣೆಗೆ ಬೀಗ ಹಾಕಿದ.

ಬ್ಯಾಗಕ್ಕ ತಾನು ಹೊಲಿದ ಒಂದು ಚೀಲ ಹಿಡಿದು ಆರ್ಡರ್ ಕೇಳಲು ಶಾಲೆಗೆ ಹೋದಳು. ದೊಡ್ಡ ಮೇಡಂ ಅದರ ಒಳಗಿನ ಲೇಬಲ್ ಓದಿದರು.

"ಈ ಅಂಗಡಿಗೇ ಈ ವರ್ಷದ ಆರ್ಡರ್ ಕೊಟ್ಟಾಯ್ತಲ್ಲಮ್ಮ."

"ಹೊಲಿದಿದ್ದು ನಾನು, ಮೇಡಂ."

"ಇರಬಹುದಮ್ಮ. ಹೆಸರು ಇವರದಿದೆಯಲ್ಲ."

ಗೇಟಿನ ಹೊರಗೆ ನಿಂತು ಅವಳು ಲೇಬಲ್ ಕೀಳಲು ನೋಡಿದಳು. ಬರಲಿಲ್ಲ. ಅಷ್ಟು ಗಟ್ಟಿಯಾಗಿ ಹೊಲಿದವಳು ಅವಳೇ.

ಆ ಐವರಲ್ಲಿ ಒಬ್ಬಳು ಕಲ್ಲು ಹೊರಲು ಹೋದಳು. ಇನ್ನೊಬ್ಬಳ ಮಗಳು ಶಾಲೆ ಬಿಟ್ಟಳು. ಅದನ್ನು ಕೇಳಿದ ದಿನ ಅತ್ತೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

"ನನ್ನ ಮಾತು ಕೇಳಿ ಕೆಟ್ಟೆ ನೀನು. ನಾಳೆ ನಾನೇ ಬರ್ತೀನಿ ನಡಿ ಕಚೇರಿಗೆ. ನಿನಗೆ ಮಾತು ಬರದಿದ್ರೆ ನನಗೆ ಬರುತ್ತೆ."

ಈಗ ಮನೆಯ ಜಗಲಿಯಲ್ಲಿ ಬಾಡಿಗೆಯ ಒಂದು ಹೊಲಿಗೆ ಯಂತ್ರವಿದೆ. ಲೇಬಲ್ಲಿನಲ್ಲಿ ಬ್ಯಾಗಕ್ಕನ ಹೆಸರಿದೆ. ಐವರಲ್ಲಿ ಇಬ್ಬರು ಮರಳಿದ್ದಾರೆ. ಶಾಲೆ ಬಿಟ್ಟ ಹುಡುಗಿ ಮಾತ್ರ ಮತ್ತೆ ಶಾಲೆಗೆ ಹೋಗಲಿಲ್ಲ.

ಅಕ್ಕಂದಿರೇ, ತಂಗಿಯರೇ, ನೀವು ತಯಾರಿಸುವ ವಸ್ತುವನ್ನು ಇವತ್ತು ಒಮ್ಮೆ ತಿರುಗಿಸಿ ನೋಡಿ. ಅದರ ಮೇಲೆ ಯಾರ ಹೆಸರಿದೆ? ನಿಮ್ಮ ದುಡಿಮೆಯಿಂದ ನಾಲ್ಕು ಮನೆಯ ಒಲೆ ಉರಿಯುತ್ತದೆ, ಊರು ಬೆಳೆಯುತ್ತದೆ, ದೇಶವೂ ಬೆಳೆಯುತ್ತದೆ. ಆ ದುಡಿಮೆಯನ್ನು ನಿಮ್ಮ ಹೆಸರಲ್ಲೇ ನೋಂದಾಯಿಸಿ. ಅಳುಕಾದರೆ ಗೆಳತಿಯನ್ನು ಕರೆದುಕೊಂಡು ಹೋಗಿ. ಮುಂದಿನ ವಾರ ಅನ್ನಬೇಡಿ.