ಫ್ಯಾನಿನ ಬೆನ್ನು

“ಕಿಟಕಿ ಮುಚ್ತೀಯೋ, ಇಲ್ಲ ನಾನೇ ಎದ್ದು ಆಚೆ ಹೋಗ್ಲೋ? ಒಳಗೂ ಹೊರಗೂ ಇನ್ನೇನ್ ವ್ಯತ್ಯಾಸ ಉಳಿದಿದೆ ಹೇಳು!”

ಕೊಲೀನ್ ತನ್ನದೇ ಮನೆಯ ಊಟದ ಮೇಜಿನ ಮುಂದೆ ದಪ್ಪ ಕೋಟು ಹಾಕಿಕೊಂಡು, ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಕೂತಿದ್ದಳು. ಕೆನಡಾದ ಥಂಡರ್ ಬೇ ಊರಿನ ಫೆಬ್ರವರಿ ಅಂದರೆ ಕಾರಿನ ಬಾಗಿಲೂ ಅಂಟಿಕೊಳ್ಳುವ ಚಳಿ. ಅಂಥದ್ದರಲ್ಲಿ ಅವಳ ಗಂಡ ಪೆರ್ರಿ ಕಿಟಕಿಯನ್ನು ಪೂರ್ತಿ ತೆರೆದು, ತಾನೇ ಒಂದೊಂದು ಭಾಗ ಆರಿಸಿ ಜೋಡಿಸಿದ ಗೇಮಿಂಗ್ ಕಂಪ್ಯೂಟರನ್ನು ಅದರ ಕೆಳಗೆ ಕೂರಿಸಿದ್ದ. ಕಿಟಕಿಯ ಹಲಗೆಯ ಮೇಲಿದ್ದ ಜೆರೇನಿಯಂ ಗಿಡ ಕಪ್ಪಾಗಿ ಜೋತುಬಿದ್ದಿತ್ತು. ಅದನ್ನು ಕೇಳುವವರು ಯಾರು?

“ಸ್ವಲ್ಪ ತಡ್ಕೊಳೇ ಮಾರಾಯ್ತಿ. ಕಂಪ್ಯೂಟರಿನ ಬಿಸಿ ತೊಂಬತ್ತೇಳು ಇದ್ದಿದ್ದು ತೊಂಬತ್ತಾರಕ್ಕೆ ಇಳಿದಿದೆ.”

“ಒಂದು ಡಿಗ್ರಿ! ನನ್ನ ಗಿಡ ಸತ್ತಿದ್ದು ಒಂದು ಡಿಗ್ರಿಗೋಸ್ಕರ!”

ಅವಳು ಹೇಳಿ ಮುಗಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ಪ್ರೊಸೆಸರ್ ಸುಟ್ಟುಹೋಗಬಾರದೆಂದು ಯಂತ್ರ ತಾನಾಗಿಯೇ ಆಫ್ ಆಗಿತ್ತು. ಪೆರ್ರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಮಧ್ಯಾಹ್ನ ಎರಡಕ್ಕೆ ಆಟ. ಪೆರ್ರಿ, ಅವನ ತಮ್ಮ ಡ್ವೇನ್, ಜೊತೆಗೆ ಇನ್ನಿಬ್ಬರು ಪ್ರತಿ ಭಾನುವಾರ ಆನ್‌ಲೈನಿನಲ್ಲಿ ಕೂಡಿ ಆಡುವ ಯುದ್ಧದ ಆಟ. ಡ್ವೇನ್ ಇದ್ದದ್ದು ದೂರದ ಯೆಲ್ಲೋನೈಫಿನಲ್ಲಿ. ಸರೋವರದ ದಂಡೆಯಲ್ಲಿ ರಜೆ ಕಳೆಯಲೆಂದು ಅಪ್ಪ ಕಟ್ಟಿದ್ದ ಪುಟ್ಟ ಮನೆಯನ್ನು, ಅವರೆಲ್ಲ ‘ಕ್ಯಾಂಪು’ ಅನ್ನುತ್ತಿದ್ದುದನ್ನು, ಮಾರುವಾಗ ಅಣ್ಣತಮ್ಮಂದಿರು ಕಿತ್ತಾಡಿಕೊಂಡು ದೂರವಾಗಿದ್ದರು. ಅಂದಿನಿಂದ ಫೋನಿಲ್ಲ, ಕ್ರಿಸ್‌ಮಸ್ಸಿಗೊಂದು ಕಾರ್ಡೂ ಇಲ್ಲ. ಆಟವನ್ನು ಮಾತ್ರ ಇಬ್ಬರೂ ಬಿಟ್ಟಿರಲಿಲ್ಲ. ‘ಎಡಕ್ಕೆ ಬಾ’, ‘ನಿನ್ನ ಹಿಂದೆ ಒಬ್ಬ ಇದಾನೆ’, ‘ಗುಂಡು ಮುಗೀತು’. ಅವರ ನಡುವೆ ಉಳಿದ ಮಾತು ಇಷ್ಟೇ. ಈಗ ಅದಕ್ಕೂ ಕಲ್ಲು ಬೀಳುವುದರಲ್ಲಿತ್ತು. ಪೆರ್ರಿ ಮೇಲಿಂದ ಮೇಲೆ ಆಟದ ನಡುವೆಯೇ ಮಾಯವಾಗುತ್ತಿದ್ದುದರಿಂದ ತಂಡ ಸೋತು ಸೋತು ಸುಣ್ಣವಾಗಿ, ಡ್ವೇನ್ ಎಲ್ಲರಿಗೂ ಸಂದೇಶ ಹಾಕಿದ್ದ: ಈ ಭಾನುವಾರವೂ ಪೆರ್ರಿ ಅರ್ಧಕ್ಕೆ ಬಿದ್ದುಹೋದರೆ ಅವನ ಜಾಗಕ್ಕೆ ಮಾರ್ಸೆಲ್ ಎಂಬ ಹೊಸ ಆಟಗಾರ ಬರುತ್ತಾನೆ.

“ಪೇಸ್ಟ್ ಸರಿಯಿಲ್ಲ,” ಎಂದು ಪೆರ್ರಿ ಮತ್ತೆ ಟ್ಯೂಬಿಗೆ ಕೈ ಹಾಕಿದ.

ಪ್ರೊಸೆಸರಿಗೂ ಅದರ ಮೇಲೆ ಕೂರುವ ಲೋಹದ ಕೂಲರಿಗೂ ನಡುವೆ, ಬಿಸಿ ದಾಟಿಹೋಗಲೆಂದು ಹಚ್ಚುವ ಬೂದು ಬಣ್ಣದ ಪೇಸ್ಟು. ಅದನ್ನು ಅವನು ಬಟಾಣಿ ಕಾಳಿನಷ್ಟು ಇಟ್ಟು ನೋಡಿದ್ದ, ಗೆರೆ ಎಳೆದು ನೋಡಿದ್ದ, ಬ್ರೆಡ್ಡಿಗೆ ಬೆಣ್ಣೆ ಸವರಿದಂತೆ ಸವರಿಯೂ ನೋಡಿದ್ದ. ಯಾವುದು ಸರಿ ಎಂದು ಗುರುತುಪರಿಚಯ ಇಲ್ಲದವರ ಜೊತೆ ಇಂಟರ್ನೆಟ್ಟಿನಲ್ಲಿ ಜಗಳವನ್ನೂ ಆಡಿದ್ದ.

“ಇದೇ ಪೇಸ್ಟನ್ನ ಬುಧವಾರ ಹಚ್ಚಿದ್ಯಲ್ಲೋ?”

“ಹಚ್ಚಿದ ಮೇಲೆ ತಣ್ಣಗಿತ್ತಲ್ಲ, ನೀನೇ ನೋಡ್ದೆ.”

“ಆಗ ನೀನು ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಗಾಜು ತೆಗೆದಿದ್ದೆ. ಪ್ರತಿ ಸಲವೂ ಅಷ್ಟೇ. ಗಾಜು ತೆಗೆದಾಗ ತಣ್ಣಗಿರುತ್ತೆ, ಹಾಕಿದ ಮೇಲೆ ಕುದಿಯುತ್ತೆ. ಗಾಜು ಹಾಕಿದ್ದು ಪೇಸ್ಟಿಗೆ ಹೇಗಪ್ಪಾ ಗೊತ್ತಾಗುತ್ತೆ?”

“ನಿಂಗೆ ಅದೆಲ್ಲಾ ಅರ್ಥ ಆಗಲ್ಲ ಬಿಡು.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಮದುವೆಯಾದಾಗಿನಿಂದ ಇದೇ ಹಾಡು. ಕೊಲೀನ್ ಧಡಕ್ಕನೆ ಎದ್ದು ಬಚ್ಚಲಿಗೆ ಹೋಗಿ ಟಾಯ್ಲೆಟ್ ಪೇಪರಿನ ಒಂದು ತುಂಡು ಹರಿದು ತಂದಳು. “ಕಂಪ್ಯೂಟರ್ ಆನ್ ಮಾಡು,” ಎಂದಳು. ಪೆರ್ರಿ ಗೊಣಗುತ್ತಲೇ ಗುಂಡಿ ಒತ್ತಿದ. ಪೆಟ್ಟಿಗೆಯೊಳಗೆ ನೀಲಿ, ನೇರಳೆ ದೀಪಗಳು ತಿರುಗತೊಡಗಿದವು. ಅವಳು ಹೊರಗಿನಿಂದ ಪೇಪರನ್ನು ಹಿಂದಿನ ಫ್ಯಾನಿನ ಬಳಿ ಹಿಡಿದಳು. ಅದು ಪೆಟ್ಟಿಗೆಯಿಂದ ಆಚೆಗೆ ಹಾರಿತು. ಮೇಲೆ ಹಿಡಿದಳು, ಆಚೆಗೆ ಹಾರಿತು. ಪಕ್ಕದಲ್ಲಿ, ಕೆಳಗೆ, ಎಲ್ಲಿ ಹಿಡಿದರೂ ಅದೇ ಕತೆ.

“ಎಲ್ಲಾ ಆಚೆಗೇ ಊದ್ತಿದೆ. ಒಳಗೆ ಗಾಳಿ ತರೋದು ಯಾವುದು ಪೆರ್ರಿ?”

ಪೆರ್ರಿ ಪೇಸ್ಟಿನ ಟ್ಯೂಬಿಗೆ ಮುಚ್ಚಳ ತಿರುಗಿಸತೊಡಗಿದ.

“ಊರಿನ ಹಿಮವನ್ನೆಲ್ಲಾ ಬಾಚಿ ತಂದು ಇಲ್ಲಿ ಸುರಿದ್ರೂ ಇದರೊಳಗೆ ಚೂರೂ ತಂಪು ಹೋಗಲ್ಲ! ಅರ್ಧ ಫ್ಯಾನು ಹಿಂದುಮುಂದಾಗಿವೆ ಕಣೋ!”

“ಗೊತ್ತು.”

“ಏನಂದೆ?”

“ನಾನೇ ತಿರುಗಿಸಿದ್ದು. ಮೊದಲು ಸರಿಯಾಗೇ ಇತ್ತು.”

ಫ್ಯಾನಿಗೆ ಮುಖ ಬೇರೆ, ಬೆನ್ನು ಬೇರೆ. ದೀಪ, ಹೊಳಪು ಎಲ್ಲ ಮುಖಕ್ಕೆ. ಬೆನ್ನಿನಲ್ಲಿ ಬರೀ ಪ್ಲಾಸ್ಟಿಕ್ಕಿನ ಕಂಬಿ, ತಂತಿ, ಒಂದು ಚೀಟಿ. ಗಾಳಿ ಮುಖದಿಂದ ಹೊಕ್ಕು ಬೆನ್ನಿನಿಂದ ಹೊರಡುತ್ತದೆ. ಹಾಗಾಗಿ ಹೊರಗಿನ ಗಾಳಿಯನ್ನು ಒಳಗೆಳೆಯುವ ಫ್ಯಾನು ಗಾಜಿನ ಮೂಲಕ ನೋಡುವವರಿಗೆ ಬೆನ್ನನ್ನೇ ತೋರಿಸುತ್ತದೆ. ಅದು ಚಂದ ಕಾಣಲಿಲ್ಲವೆಂದು ಪೆರ್ರಿ ಅಂಥವನ್ನೆಲ್ಲ ಬಿಚ್ಚಿ ತಿರುಗಿಸಿ ಕೂರಿಸಿದ್ದ.

“ಚಂದಕ್ಕಾ? ಚಂದಕ್ಕೆ ನನ್ನನ್ನ ಚಳಿಯಲ್ಲಿ ಸಾಯಿಸಿದ್ಯಾ? ಗೊತ್ತಿದ್ದೂ ಗೊತ್ತಿದ್ದೂ ಪೇಸ್ಟು ಪೇಸ್ಟು ಅಂತ ಕುಣಿದ್ಯಲ್ಲೋ! ನಿಂಗೆ ತಲೆ ಗಿಲೆ ಇದೆಯಾ?”

ಪೆರ್ರಿ ಫೋನು ತೆಗೆದು ಅವಳ ಕೈಗೆ ಕೊಟ್ಟ. ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅವನು ಡ್ವೇನ್‌ಗೆ ಕಂಪ್ಯೂಟರಿನ ಫೋಟೋ ಕಳಿಸಿದ್ದ. ಎಲ್ಲ ಫ್ಯಾನುಗಳೂ ಮುಖ ತೋರಿಸಿ ಬೆಳಗುತ್ತಿದ್ದವು. ಕೆಳಗೆ ಡ್ವೇನ್‌ನ ಉತ್ತರ: ‘ಚೆನ್ನಾಗಿದೆ.’

“ಆಟ ಬಿಟ್ಟು ಅವನು ಬೇರೆ ಮಾತಾಡಿದ್ದು ಅದೊಂದೇ,” ಎಂದ ಪೆರ್ರಿ. “ಕೆಡಿಸೋಕೆ ಮನಸ್ಸು ಬರಲಿಲ್ಲ. ಬೇರೇನಾದ್ರೂ ಕಾರಣ ಇರ್ಲಿ ದೇವ್ರೇ ಅಂತ ಹುಡುಕ್ತಾ ಇದ್ದೆ.”

ಕೊಲೀನ್‌ಗೆ ಸಿಟ್ಟು ಇಳಿಯಲಿಲ್ಲ. ಅಳು ಬೇರೆ ಬರುವ ಹಾಗಾಗಿ ಇನ್ನೂ ಸಿಟ್ಟು ಬಂತು. “ಮಧ್ಯಾಹ್ನ ನೀನು ಬಿದ್ದುಹೋದ್ರೆ ‘ಚೆನ್ನಾಗಿದೆ’ ಅನ್ನೋಕೂ ಯಾರೂ ಇರಲ್ಲ. ಸ್ಕ್ರೂಡ್ರೈವರ್ ಕೊಡಿಲ್ಲಿ, ಪೆದ್ದ!” ಎಂದು ಕಿಟಕಿಯನ್ನು ದಢಾರನೆ ಮುಚ್ಚಿದಳು.

ಇಬ್ಬರೂ ನೆಲದ ಮೇಲೆ ಕೂತು ಪಕ್ಕದ ಮತ್ತು ಕೆಳಗಿನ ಫ್ಯಾನುಗಳನ್ನು ಬಿಚ್ಚಿ ತಿರುಗಿಸಿದರು. ಗಾಜು ಹಾಕಿದ ಮೇಲೆ ನೋಡಿದರೆ ಕಂಬಿ, ತಂತಿ, ಚೀಟಿ. ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಅಂಕಿ ಅರವತ್ತೆಂಟಕ್ಕೆ ಇಳಿದು ಅಲ್ಲೇ ನಿಂತಿತು.

ಎರಡು ಗಂಟೆಗೆ ಆಟ ಶುರುವಾಯಿತು. ಹೆಡ್‌ಫೋನು ಕಿವಿ ಒತ್ತುತ್ತದೆಂದು ಪೆರ್ರಿ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ಅಡುಗೆಮನೆಯಲ್ಲಿ ಬಟಾಣಿ ಸೂಪು ಕದಡುತ್ತಿದ್ದ ಕೊಲೀನ್‌ಗೆ ಗುಂಡಿನ ಸದ್ದು, ಬೈಗುಳ ಎಲ್ಲ ಕೇಳುತ್ತಿತ್ತು. ಕೊನೆಗೆ ತಂಡ ಸೋತಿತು. ಆದರೆ ಪೆರ್ರಿ ಕೊನೆಯವರೆಗೂ ಇದ್ದ. ಉಳಿದಿಬ್ಬರು ಬೈ ಹೇಳಿ ಹೋದರು. ಡ್ವೇನ್ ಹೋಗಲಿಲ್ಲ.

“ಈ ಸಲ ಬೀಳ್ಲಿಲ್ಲ ನೀನು,” ಎಂದ.

“ಇಲ್ಲ.”

“ಏನಾಗಿತ್ತು?”

“ಫ್ಯಾನು ಉಲ್ಟಾ ಹಾಕಿದ್ದೆ. ಫೋಟೋದಲ್ಲಿ ಚಂದ ಕಾಣ್ಲಿ ಅಂತ. ನಿಂಗೆ ಕಳಿಸಿದ್ನಲ್ಲ, ಆ ಫೋಟೋ.”

ಮುಗೀತು ಕತೆ ಎಂದುಕೊಂಡಳು ಕೊಲೀನ್. ಅಷ್ಟರಲ್ಲಿ ಡ್ವೇನ್ ನಗತೊಡಗಿದ. ಕೆಮ್ಮು ಬರುವಷ್ಟು ನಕ್ಕ.

“ಅಯ್ಯೋ ಗೂಬೆ! ಅಪ್ಪನ ಮಗ ಅಂದ್ರೆ ನೀನೇ ಕಣೋ. ಕ್ಯಾಂಪಲ್ಲಿ ಬೆವರಿಳಿಸೋಕೆ ಕೂರ್ತಿದ್ವಲ್ಲ, ಆ ಸೌನಾ ಒಲೆಯ ಹೊಗೆಕೊಳವೆ ನೆನಪಿದೆಯಾ? ನೀರಿನ ಕಡೆಯಿಂದ ನೋಡಿದ್ರೆ ಚಂದ ಕಾಣಲ್ಲ ಅಂತ ಅಪ್ಪ ಅದನ್ನ ಕತ್ತರಿಸಿ ಮೋಟು ಮಾಡಿದ್ನಲ್ಲ…”

“ಹೊಗೆ ತಡೀಲಾರ್ದೆ ನಾವೆಲ್ಲಾ ಬರಿಮೈಯಲ್ಲಿ ಹಿಮಕ್ಕೆ ಓಡಿದ್ವಿ,” ಎಂದ ಪೆರ್ರಿ.

“ಅಪ್ಪ ಎಲ್ಲರಿಗಿಂತ ಮುಂದೆ!”

ಸೂಪು ಕುದಿದು ಉಕ್ಕುವುದರಲ್ಲಿತ್ತು. ಕೊಲೀನ್ ಒಲೆ ಆರಿಸಿ, ತಟ್ಟೆಗಳನ್ನು ಸದ್ದಾಗದಂತೆ ಒಂದರ ಮೇಲೊಂದು ಇಟ್ಟು, ಪೆರ್ರಿಯನ್ನು ಊಟಕ್ಕೆ ಕರೆಯದೆ ಅಲ್ಲೇ ಕುರ್ಚಿಯ ಮೇಲೆ ಕೂತಳು.