ಕೈಗುಣದ ನರ್ಸಮ್ಮ

ನರ್ಸಮ್ಮ ಸೂಜಿ ಚುಚ್ಚಿದರೆ ಮಕ್ಕಳು ಅಳುವುದಿಲ್ಲ ಎನ್ನುವುದು ಆ ಬೀದಿಯವರ ನಂಬಿಕೆ. ಅಳುತ್ತಿದ್ದವು, ಅದು ಬೇರೆ ಮಾತು. ತಾಯಂದಿರ ನೆನಪಿನಲ್ಲಿ ಮಾತ್ರ ಯಾವ ಮಗುವೂ ಅತ್ತಿರಲಿಲ್ಲ. ಲಸಿಕೆ ಹಾಕುವ ಕೆಲಸದಿಂದ ಅವಳು ನಿವೃತ್ತಳಾದ ಮೇಲೆ ಆ ಕೈಗುಣದ ಹೆಸರು ಗಿಡಗಳ ಪಾಲಿಗೆ ಬಂತು. ಯಾರ ಮನೆಯ ಗಿಡ ಬಾಡಿದರೂ ಕುಂಡ ಮೂರನೇ ಮಹಡಿ ಹತ್ತಿ ಅವಳ ಬಾಗಿಲಿಗೆ ಬರುತ್ತಿತ್ತು. ಅವಳು ಹಳೇ ಮಣ್ಣು ಕೊಡವಿ, ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣು ತುಂಬಿ, ನಾಲ್ಕು ದಿನ ನೆರಳಿಗಿಟ್ಟು ವಾಪಸು ಕೊಡುತ್ತಿದ್ದಳು. "ನಂದೇನಿಲ್ಲಪ್ಪ, ಎಲ್ಲಾ ಕೈಗುಣ" ಎಂದು, ಬೇರೆಯವರು ಹೇಳಬೇಕಾದ್ದನ್ನೂ ತಾನೇ ಹೇಳಿ ಮುಗಿಸುತ್ತಿದ್ದಳು. ಅಷ್ಟರ ಮಟ್ಟಿಗೆ ಅವಳು ವಿನಯವಂತೆ.

ಈ ಮನೆಗೆ ಸೊಸೆ ಬಂದಳು. ಮಗ ಲಿಫ್ಟ್ ರಿಪೇರಿ ಮಾಡುವವನು, ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಮಾತು ಕಡಿಮೆ, ನೋಡುವುದು ಜಾಸ್ತಿ. ಬಂದ ಕೆಲವು ತಿಂಗಳಿಗೆ ಅವಳಿಗೂ ಏನಾದರೂ ಬೆಳೆಸುವ ಆಸೆಯಾಯಿತು. ಸೊಪ್ಪಿನ ಅಂಗಡಿಯಿಂದ ತಂದ ಪುದೀನದಲ್ಲಿ ಗಟ್ಟಿಯಾದ ನಾಲ್ಕು ಕಡ್ಡಿ ಆರಿಸಿ, ಕೆಳಗಿನ ಎಲೆ ಬಿಡಿಸಿ, ಅಡುಗೆಮನೆಯ ಕಿಟಕಿಯಲ್ಲಿ ನೀರಿನ ಲೋಟಕ್ಕೆ ಹಾಕಿದಳು. ದಿನಾ ನೀರು ಬದಲಾಯಿಸಿದಳು.

"ಇದೇನು ಹೂದಾನಿಯಾ?" ಎಂದು ನರ್ಸಮ್ಮ ನಕ್ಕಳು. "ಪುದೀನಕ್ಕೆ ಮಣ್ಣು ಬೇಕಮ್ಮ, ಮಣ್ಣು."

"ಹೊಸಬರಿಗೆ ಇದೇ ಸುಲಭ ಅಂತೆ ಅತ್ತೆ. ನೋಡೋಣ, ಬಂದ್ರೆ ಬರ್ಲಿ."

ವಾರ ಕಳೆಯುವಷ್ಟರಲ್ಲಿ ಕಡ್ಡಿಗಳಿಗೆ ಬಿಳೀ ಬೇರು ಬಂತು. ಕುಂಡಕ್ಕೆ ಹಾಕಿದ ಮೇಲಂತೂ ಪುದೀನ ಹೇಳಿದ ಮಾತು ಕೇಳದೆ ಅಂಚು ದಾಟಿ ಇಳಿಯಿತು. ಪಕ್ಕದಲ್ಲಿ ಕಾಮಕಸ್ತೂರಿ, ಸೊಸೆ ಅದರ ತುದಿ ಚಿವುಟಿದಷ್ಟೂ ಅದು ಕವಲೊಡೆದು ಪೊದೆಯಾಯಿತು. ಎದುರು ಮನೆಯ ಟೈಲರ್ ಅಕ್ಕ ರವಿಕೆ ಕೊಡಲು ಬಂದವಳು ಕಿಟಕಿಯ ಮುಂದೆ ನಿಂತು ಮೂಗಿನ ಮೇಲೆ ಬೆರಳಿಟ್ಟಳು.

"ನರ್ಸಮ್ಮ, ನಿಮ್ಮ ಸೊಸೆ ಕೈಗುಣದ ಮುಂದೆ ನಿಮ್ಮದು ಏನೂ ಅಲ್ಲ ಬಿಡಿ!"

ತಮಾಷೆಗೆ ಅಂದದ್ದು. ನರ್ಸಮ್ಮನೂ ಹಲ್ಲು ಬಿಟ್ಟು ನಕ್ಕಳು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು. ಜೀವಮಾನವೆಲ್ಲ ಒಂದೇ ಹೆಸರು ಸಂಪಾದಿಸಿದ್ದಳು, ಅದನ್ನು ನಿನ್ನೆ ಮೊನ್ನೆ ಬಂದ ಹುಡುಗಿ ಒಂದು ಲೋಟ ನೀರಿನಲ್ಲಿ ಎತ್ತಿಕೊಂಡು ಹೋದಳಲ್ಲ! ಹೊಟ್ಟೆಕಿಚ್ಚು ಎನ್ನುವ ಪದವನ್ನು ಅವಳು ಆಗ ತನ್ನ ಹತ್ತಿರ ಸುಳಿಯಗೊಡಲಿಲ್ಲ. ಬರೀ ಬೇಜಾರು ಅಂದುಕೊಂಡಳು.

ಮಾರನೆಯ ದಿನವೇ ಸೊಸೆ ಅಂಗೈ ಚಾಚಿಕೊಂಡು ಬಂದಳು.

"ಅತ್ತೆ, ಕೊತ್ತಂಬರಿ ಹಾಕೋಣ ಅಂತಿದ್ದೀನಿ. ಬೀಜ ನೀವೇ ಕೊಡಿ. ನಿಮ್ಮ ಕೈಯಿಂದ ಬಂದ್ರೆ ಒಳ್ಳೇದು."

ಕಪಾಟಿನಲ್ಲಿ ಎರಡು ಡಬ್ಬಿ. ಒಂದರಲ್ಲಿ ಹಸಿ ಬೀಜ. ಇನ್ನೊಂದರಲ್ಲಿ, ಹುಳ ಹಿಡಿಯದಿರಲಿ ಎಂದು ಸಣ್ಣ ಉರಿಯಲ್ಲಿ ಬಣ್ಣ ಕೆಡದಂತೆ ಹುರಿದಿಟ್ಟ ಬೀಜ. ನೋಡಲು ಎರಡೂ ಒಂದೇ. ಹುರಿದ ಬೀಜ ಹುಟ್ಟುವುದಿಲ್ಲ ಎಂದು ನರ್ಸಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಕೈ ಹಸಿ ಬೀಜದ ಡಬ್ಬಿಯ ತನಕ ಹೋಯಿತು, ಅಲ್ಲಿ ನಿಂತಿತು, ಪಕ್ಕಕ್ಕೆ ಸರಿಯಿತು. ಒಂದು ಹಿಡಿ ತೆಗೆದು ಸೊಸೆಯ ಅಂಗೈಗೆ ಸುರಿದಳು.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕೆಟ್ಟ ಕೆಲಸ ಮಾಡಿದವರಿಗೆ ಉಪದೇಶದ ಚಪಲ ಎಲ್ಲಿಂದ ಬರುತ್ತದೋ! "ಹಾಗೇ ಹಾಕ್ಬೇಡ. ಲಟ್ಟಣಿಗೆ ಉರುಳಿಸಿ ಎರಡು ಹೋಳು ಮಾಡ್ಬೇಕು. ರಾತ್ರಿ ನೆನೆಸು. ಬೆರಳಿನ ಗೆಣ್ಣಿನಷ್ಟು ಆಳ ಸಾಕು. ನೀರು ಸುರೀಬಾರ್ದು, ಚಿಮುಕಿಸ್ಬೇಕು" ಎಂದು ಒಂದಕ್ಷರ ತಪ್ಪಿಲ್ಲದೆ ಹೇಳಿಕೊಟ್ಟಳು. ಸೊಸೆ ತಲೆಯಾಡಿಸಿ, ಹೇಳಿದಂತೆಯೇ ಮಾಡಿದಳು.

ಮೊದಲ ವಾರ ನರ್ಸಮ್ಮನಿಗೆ ಒಳಗೊಳಗೇ ನಗು. ಬೆಳಿಗ್ಗೆ ಸೊಸೆ ಅಂಗಡಿಗೆ ಹೊರಡುವ ಮುಂಚೆ ಕುಂಡಕ್ಕೆ ಹೊದಿಸಿದ ಒದ್ದೆ ಬಟ್ಟೆ ಸರಿಸಿ, ಬಗ್ಗಿ ನೋಡಿ, ಬೆರಳು ಅದ್ದಿ ನೀರು ಚಿಮುಕಿಸುವಳು. ಎರಡನೇ ವಾರ ನಗು ಬರಲಿಲ್ಲ. ಆ ಹುಡುಗಿ ಬಗ್ಗುವ ಹೊತ್ತಿಗೆ ನರ್ಸಮ್ಮ ಪಾತ್ರೆ ಸದ್ದು ಮಾಡಿಕೊಂಡು ಬೇರೆ ಕಡೆ ತಿರುಗುವಳು. ಇನ್ನಷ್ಟು ದಿನ ಹೋದ ಮೇಲೆ ಆ ಚಿಮುಕಿಸುವ ಸಣ್ಣ ಸದ್ದು ಕೇಳಿದರೂ ಅವಳ ಕಿವಿ ಬಿಸಿಯಾಗುತ್ತಿತ್ತು. ಹೇಳಿಬಿಡಬೇಕು ಎಂದು ಬಾಯಿ ತೆರೆಯುವಳು; "ಕಾಫಿ ಆರಿ ಹೋಗುತ್ತೆ" ಎಂದು ಮುಚ್ಚುವಳು.

ಒಂದು ಸಂಜೆ ಟೈಲರ್ ಅಕ್ಕನ ಮುಂದೆಯೇ ಮಗ ಹೆಂಡತಿಯನ್ನು ರೇಗಿಸಿದ. "ಏನಮ್ಮ ತೋಟಗಾರ್ತಿ, ಅಮ್ಮನ ಕೈಯಿಂದ ಬೀಜ ಇಸ್ಕೊಂಡೂ ಬರೀ ಮಣ್ಣು ಬೆಳೆದಿದ್ದೀಯಲ್ಲ!"

"ನಂದೇ ತಪ್ಪು. ನೀರು ಜಾಸ್ತಿ ಆಗಿರ್ಬೇಕು. ನನ್ನ ಕೈ ಅಷ್ಟೇ" ಎಂದಳು ಸೊಸೆ.

"ಕೈಗುಣ ಅಂದ್ರೆ ಏನು ಸುಮ್ನೇನಾ?" ಎಂದು ಟೈಲರ್ ಅಕ್ಕ ನರ್ಸಮ್ಮನ ಕಡೆ ನೋಡಿ ಮೆಚ್ಚುಗೆಯಿಂದ ತಲೆದೂಗಿದಳು.

ಇದೇ ಮಾತಿಗಾಗಿ ನರ್ಸಮ್ಮ ಅಷ್ಟೆಲ್ಲ ಮಾಡಿದ್ದು. ಈಗ ಅದು ಕೈಗೆ ಬಂದಾಗ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಕ್ಕಳ ತೋಳು ಹಿಡಿದು ಧೈರ್ಯ ಹೇಳಿದ ಕೈ ಇದು. ಅದೇ ಕೈಯಿಂದ ಹಿಡಿ ಬೀಜದಲ್ಲಿ ಮೋಸ ಮಾಡಿದ್ದಳು, ಅದೂ ನಂಬಿ ಅಂಗೈ ಚಾಚಿದವಳಿಗೆ. ತನ್ನ ಬಗ್ಗೆ ಅವಳಿಗೇ ಅಸಹ್ಯವಾಯಿತು.

ಆದರೂ ಬಾಯಿ ಬಿಡಲಿಲ್ಲ. ಕದ್ದು ಮಾಡಿದ್ದನ್ನು ಕದ್ದೇ ಸರಿಮಾಡಬಹುದು ಎಂದು ಲೆಕ್ಕ ಹಾಕಿದಳು. ಶನಿವಾರ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಹಸಿ ಬೀಜ ಹೋಳು ಮಾಡಿಕೊಂಡು ಕುಂಡದ ಮಣ್ಣು ಕೆದಕತೊಡಗಿದಳು. ಹಳೇ ಬೀಜಗಳು ಕಪ್ಪಾಗಿ, ಬೂಸಲು ಹಿಡಿದು ಬೆರಳಿಗೆ ಸಿಕ್ಕವು. ಅವನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಾಗ ಹಿಂದೆ ಚಪ್ಪಲಿ ಬಿಟ್ಟ ಸದ್ದಾಯಿತು. ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ಕೆಟ್ಟು ಸೊಸೆಯನ್ನು ಬೇಗ ಕಳಿಸಿದ್ದರು.

ಅವಳು ಕುಂಡ ನೋಡಿದಳು, ಸೆರಗು ನೋಡಿದಳು. ಗಾಬರಿಯಾದದ್ದು ಅವಳಿಗೇ.

"ಅಯ್ಯೋ, ಬಿಡಿ ಅತ್ತೆ. ನಾನೇ ಬದಲಾಯಿಸ್ತಿದ್ದೆ. ನಿಮಗೆ ಇವತ್ತು ಗೊತ್ತಾಯ್ತಾ?"

"ಏನು ಗೊತ್ತಾಯ್ತಾ?"

"ಅದು ಹುರಿದ ಬೀಜ ಅಂತ."

"ನಿಂಗೆ ಯಾವಾಗ ಗೊತ್ತಾಯ್ತು?"

"ಲಟ್ಟಣಿಗೆ ಉರುಳಿಸಿದಾಗಲೇ. ಹುರಿದ ವಾಸನೆ ಘಮ್ ಅಂತು! ಡಬ್ಬಿ ಅದಲು ಬದಲಾಗಿರ್ಬೇಕು, ಪಾಪ ಗೊತ್ತಾಗದೆ ಕೊಟ್ರು ಅಂದ್ಕೊಂಡೆ. ಹೇಳಿದ್ರೆ ನಿಮಗೆ ಮುಜುಗರ. ಇವರಂತೂ ವರ್ಷಗಟ್ಲೆ ರೇಗಿಸ್ತಾರೆ, ಆ ಅಕ್ಕ ಬೀದಿಗೆಲ್ಲ ಹಂಚ್ತಾರೆ."

"ಮತ್ತೆ ಇಷ್ಟು ದಿನ ನೀರು ಯಾಕೆ ಹಾಕಿದೆ?"

"ನೀವು ನೋಡ್ತಿದ್ರಲ್ಲ ಅತ್ತೆ."

ನರ್ಸಮ್ಮ ಸೆರಗು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು. ತಪ್ಪಿಸಿಕೊಳ್ಳಲು ದಾರಿ ಅಗಲವಾಗಿ ತೆರೆದಿತ್ತು. ಹೂಂ, ಡಬ್ಬಿ ಬದಲಾಗಿತ್ತು ಎಂದರೆ ಸಾಕು. ಆ ಮಾತು ನಾಲಿಗೆಯ ತುದಿಗೂ ಬಂತು. ಅದನ್ನು ಆಡಿದರೆ ಇನ್ನು ಮೇಲೆ ಈ ಹುಡುಗಿಯ ಮುಖ ನೋಡಿ ಒಂದು ತುತ್ತು ಉಣ್ಣಲೂ ತನ್ನಿಂದಾಗದು ಎಂದು ಗೊತ್ತಾಯಿತು.

"ಡಬ್ಬಿ ಬದಲಾಗಿರ್ಲಿಲ್ಲ" ಎಂದಳು. "ಗೊತ್ತಿದ್ದೇ ಕೊಟ್ಟೆ. ನಿನ್ನ ಪುದೀನ ಬಂತಲ್ಲ, ಅದಕ್ಕೆ."

ಬಾಯಿಬಿಟ್ಟು ಹೇಳಿದಾಗ ಅದು ಎಷ್ಟು ಸಣ್ಣದಾಗಿ, ಎಷ್ಟು ಹೀನವಾಗಿ ಕೇಳಿಸಿತು! ಸೊಸೆಯ ಮುಖ ಮೆಲ್ಲಗೆ ಕೆಂಪಾಯಿತು. ನಲ್ಲಿಯ ಹತ್ತಿರ ಹೋಗಿ, ಮಣ್ಣು ಮುಟ್ಟದ ಕೈಯನ್ನು ಸುಮ್ಮನೆ ತೊಳೆದಳು.

"ಇವರಿಗೂ ಆ ಅಕ್ಕನಿಗೂ ಡಬ್ಬಿ ಬದಲಾಗಿತ್ತು ಅಂತಲೇ ಹೇಳೋಣ" ಎಂದಳು, ತಿರುಗದೆ.

"ಬೇಡ. ಅವರೆದುರಿಗೆ ನಿನ್ನ ಕೈ ಕೆಟ್ಟದು ಅನ್ನಿಸಿದ್ದೀನಿ. ಅವರೆದುರಿಗೇ ಹೇಳ್ತೀನಿ."

ಭಾನುವಾರ ಮಧ್ಯಾಹ್ನ ನರ್ಸಮ್ಮ ಟೈಲರ್ ಅಕ್ಕನನ್ನೂ ಊಟಕ್ಕೆ ಕರೆದಳು. ಸೊಸೆ ಎಲ್ಲರಿಗೂ ಬಡಿಸಿ ತನ್ನ ಪಕ್ಕದಲ್ಲಿ ಕೂತ ಮೇಲೆ, ಧೈರ್ಯ ಜಾರಿ ಹೋಗುವ ಮುಂಚೆ, ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಕೊತ್ತಂಬರಿ ಬರ್ದೇ ಇದ್ದಿದ್ದು ಅವಳ ಕೈಯಿಂದಲ್ಲ. ನಾನೇ ಹುರಿದ ಬೀಜ ಕೊಟ್ಟಿದ್ದೆ. ಬೇಕಂತಲೇ ಕೊಟ್ಟೆ, ಹೊಟ್ಟೆಕಿಚ್ಚಿಗೆ."

ಮಗ ಅನ್ನ ನೆತ್ತಿಗೇರುವಷ್ಟು ನಕ್ಕ. "ಅಮ್ಮ, ಸೊಸೇನ ಉಳಿಸೋಕೆ ಇಷ್ಟು ದೊಡ್ಡ ಕತೆನಾ?"

ಟೈಲರ್ ಅಕ್ಕನ ಕಣ್ಣಲ್ಲಿ ನೀರೇ ಬಂತು. "ಇಂಥ ಅತ್ತೆ ಎಲ್ಲಿ ಸಿಗ್ತಾರೆ ಹೇಳಿ! ಅವಳ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೋತಾರಲ್ಲ! ದೊಡ್ಡ ಮನಸ್ಸು ನಿಮ್ಮದು ನರ್ಸಮ್ಮ."

"ಇಲ್ಲ, ನಿಜವಾಗ್ಲೂ..." ಎಂದಳು ನರ್ಸಮ್ಮ. ಅವಳು ಹೇಳಿದಷ್ಟೂ ಅವರು ಇನ್ನಷ್ಟು ಮೆಚ್ಚಿದರು. ಮಗ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದ. ಅವಳು ದಿಕ್ಕು ತೋಚದೆ ಸೊಸೆಯ ಕಡೆ ನೋಡಿದಳು.

ಸೊಸೆ ನಗುತ್ತಿರಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಅತ್ತೆ ಕತೆ ಹೇಳ್ತಿಲ್ಲ" ಎಂದಳು. "ನಿಜಾನೇ ಹೇಳ್ತಿದ್ದಾರೆ. ಬೇಕಂತಲೇ ಕೊಟ್ಟಿದ್ದು."

ಮಗನ ನಗು ಅರ್ಧಕ್ಕೆ ನಿಂತಿತು. ಟೈಲರ್ ಅಕ್ಕ ತುತ್ತನ್ನು ತಟ್ಟೆಗೆ ವಾಪಸು ಹಾಕಿ, ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿಯ ಕಡೆ ನೋಡಿದಳು. ನರ್ಸಮ್ಮ ತಲೆ ತಗ್ಗಿಸಿದಳು. ಮೈಯೆಲ್ಲ ಉರಿಯುವಷ್ಟು ನಾಚಿಕೆಯಾಯಿತು. ಆದರೆ ಅಷ್ಟು ಜನರಲ್ಲಿ ತನ್ನ ಮಾತನ್ನು ನಂಬಿದವಳ ಪಕ್ಕದಲ್ಲಿ ಕೂತು, ಅವಳು ಬಡಿಸಿದ ಅನ್ನವನ್ನು ನಿಧಾನವಾಗಿ ಕಲಸಿದಳು.