ಗೊತ್ತಿಲ್ಲ ಎಂಬ ಆಟ

ಶಿಶುವಿಹಾರದ ಗೇಟಿಗೆ ಅಂಟಿಸಿದ್ದ ಪಟ್ಟಿಯನ್ನು ದುಲ್ಮಾ ಮೇಲಿನಿಂದ ಕೆಳಕ್ಕೆ ಎರಡು ಸಲ, ಕೆಳಗಿನಿಂದ ಮೇಲಕ್ಕೆ ಒಂದು ಸಲ ಓದಿದಳು. ಮಗಳು ಉಯಾಂಗಾಳ ಹೆಸರು ಎಲ್ಲೂ ಇರಲಿಲ್ಲ. ಉಲಾನ್‌ಬಾತರ್ ನಗರದ ಉತ್ತರದ ಗುಡ್ಡಕ್ಕೆ ಬಂದು ಗುಡಾರ ಹೂಡಿದವರ ಮಕ್ಕಳು ನಾನೂರಕ್ಕೂ ಮಿಕ್ಕಿ; ಶಿಶುವಿಹಾರದಲ್ಲಿ ಇದ್ದ ಜಾಗ ನೂರೈವತ್ತು. ಹಾಗಾಗಿ ಪ್ರತಿ ವರ್ಷ ಲಾಟರಿ ಎತ್ತುತ್ತಿದ್ದರು. ಪಕ್ಕದಲ್ಲಿ ನಿಂತ ಹೆಂಗಸೊಬ್ಬಳು ಮಗನ ಹೆಸರು ಸಿಕ್ಕಿ ಅಳುತ್ತಿದ್ದಳು. ದುಲ್ಮಾಳಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಎಂಟು ಗಂಟೆಯೊಳಗೆ ಕಾರ್ಖಾನೆಯಲ್ಲಿರಬೇಕಿತ್ತು.

ಮೇಕೆಯ ಮೆತ್ತನೆಯ ಉಣ್ಣೆಯಿಂದ ಒರಟು ಕೂದಲನ್ನು ಹೆಕ್ಕಿ ತೆಗೆಯುವ ಕೆಲಸ ಅವಳದು. ಗಂಡ ದಕ್ಷಿಣದ ಗಣಿಗೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ನಾಲ್ಕು ವರ್ಷದ ಮಗುವನ್ನು ಇಟ್ಟುಕೊಳ್ಳುವವರು ಯಾರೂ ಇರಲಿಲ್ಲ. ಗುಡಾರದ ನಟ್ಟನಡುವೆ ಕಬ್ಬಿಣದ ಒಲೆ. ಚಳಿ ಶುರುವಾದ ಮೇಲೆ ಅದನ್ನು ಆರಿಸುವ ಹಾಗಿಲ್ಲ. ಹಿಂದಿನ ಚಳಿಗಾಲದಲ್ಲಿ ಮೇಲಿನ ಓಣಿಯ ಮಗುವೊಂದು ಕುದಿಯುವ ಪಾತ್ರೆಗೆ ಬಿದ್ದು ಸತ್ತಿತ್ತು. ದುಲ್ಮಾ ಪೆಟ್ಟಿಗೆಯಿಂದ ತನ್ನ ಹಬ್ಬದ ನಿಲುವಂಗಿಯ ಉದ್ದನೆಯ ರೇಷ್ಮೆ ನಡುಪಟ್ಟಿ ತೆಗೆದಳು. ಒಂದು ತುದಿಯನ್ನು ಮಂಚದ ಕಾಲಿಗೆ ಬಿಗಿದು, ಇನ್ನೊಂದನ್ನು ಮಗಳ ಸೊಂಟಕ್ಕೆ ಸುತ್ತಿದಳು. ಒಲೆಗೆ ಎರಡು ಗೇಣು ಇರುವಾಗಲೇ ನಿಲ್ಲುವಂತೆ ಅಳೆದು ಗಂಟು ಹಾಕಿದಳು.

"ಇದ್ಯಾಕಮ್ಮ?" ಎಂದಿತು ಮಗು.

"ನೀನು ಕುದುರೆ ಅಲ್ವಾ? ಕುದುರೇನ ಕಟ್ಟದೇ ಹೋದ್ರೆ ಓಡಿಹೋಗುತ್ತೆ."

ಉಯಾಂಗಾ ಕುದುರೆಯ ಹಾಗೆ ಕೆನೆದು ತೋರಿಸಿದಳು. ಆಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಸೂರಿನ ಗಳುಗಳನ್ನು ಇಪ್ಪತ್ತರವರೆಗೆ ಎಣಿಸುವಳು, ಅಲ್ಲಿಂದ ಮತ್ತೆ ಒಂದಕ್ಕೆ ಬರುವಳು. ಸಂಜೆ ಅಮ್ಮ ಒಳಗೆ ಕಾಲಿಡುವಷ್ಟರಲ್ಲಿ ಇಡೀ ದಿನದ ವರದಿ ಸಿದ್ಧವಾಗಿರುತ್ತಿತ್ತು. ಗುಡಾರದ ನೆತ್ತಿಯ ಕಿಂಡಿಯಿಂದ ಇಳಿದ ಬಿಸಿಲು ಮೊದಲು ಹಾಸಿಗೆ ಹತ್ತಿತಂತೆ, ಆಮೇಲೆ ಪೆಟ್ಟಿಗೆ ಹತ್ತಿತಂತೆ, ಆಮೇಲೆ ಚಿಮ್‌ಗೇ ಅಜ್ಜಿ ಬಂದಳಂತೆ, ಅಜ್ಜಿ ಹೂಸು ಬಿಟ್ಟು ನಾಯಿಯ ಮೇಲೆ ಹಾಕಿದಳಂತೆ.

ಚಿಮ್‌ಗೇ ಅಜ್ಜಿ ಬೇಲಿಯಾಚೆಯ ಪಕ್ಕದ ಗುಡಾರದವಳು. ಮಧ್ಯಾಹ್ನಕ್ಕೊಮ್ಮೆ ಬಂದು ಒಲೆಗೆ ಇದ್ದಿಲುಂಡೆ ಹಾಕಿ, ಮಗುವಿಗೆ ಉಪ್ಪು ಚಹಾ ಕುಡಿಸಿ ಹೋಗುತ್ತಿದ್ದಳು. ವಿಶ್ವವಿದ್ಯಾಲಯದವರು ಬರುವ ಸುದ್ದಿ ತಂದವಳೂ ಅವಳೇ.

"ಲಾಟ್ರಿ ಗೆದ್ದೋರ ಮಕ್ಕಳು, ಸೋತೋರ ಮಕ್ಕಳು, ಎಲ್ಲಾರ್ನೂ ಪರೀಕ್ಷೆ ಮಾಡ್ತಾರಂತೆ ಕಣೇ. ಮಂದ ಇರೋ ಮಕ್ಕಳಿಗೆ ಆಮೇಲೆ ಜಾಗ ಕೊಡಿಸ್ತಾರಂತೆ. ಕೆಳಗಿನ ಓಣೀಲಿ ಒಂದು ಹುಡುಗ ಇಲ್ವಾ, ಮಾತೇ ಬರ್ತಿರ್ಲಿಲ್ಲ, ಅವನಿಗೆ ಸಿಕ್ತು ನೋಡು."

"ನಮ್ಮದು ಮಾತಿನ ಮಲ್ಲಿ. ಇವಳನ್ನ ಮಂದ ಅಂತ ಯಾರು ನಂಬ್ತಾರೆ ಅಜ್ಜಿ?"

"ಬಾಯಿ ಮುಚ್ಚಿಸು. ನನ್ನ ಗಂಡನ ಬಾಯೇ ಮುಚ್ಚಿಸಿದೋಳು ನಾನು, ಇದೇನು ಮಹಾ!"

ದುಲ್ಮಾ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಮಗಳನ್ನು ಎದುರು ಕೂರಿಸಿಕೊಂಡು ಹೊಸ ಆಟ ಹೇಳಿಕೊಟ್ಟಳು. ಒಬ್ಬ ಆಂಟಿ ಬರುತ್ತಾಳೆ, ಏನು ಕೇಳಿದರೂ 'ಗೊತ್ತಿಲ್ಲ' ಎನ್ನಬೇಕು, ಬೇರೆ ಮಾತಾಡಿದರೆ ಔಟ್, ಗೆದ್ದರೆ ಮಿಠಾಯಿ.

"ನಿನ್ನ ಹೆಸರೇನಮ್ಮ?"

"ಗೊತ್ತಿಲ್ಲ."

"ಇದು ಎಷ್ಟು ಬೆರಳು?"

"ಗೊತ್ತಿಲ್ಲ."

"ನಾನ್ಯಾರು?"

ಉಯಾಂಗಾ ಅಮ್ಮನ ಮೂಗು ಹಿಡಿದು, "ಗೊತ್ತೇ ಇಲ್ಲ!" ಎಂದು ನೆಲದ ಮೇಲೆ ಉರುಳಾಡಿ ನಕ್ಕಳು. ದುಲ್ಮಾಳೂ ನಕ್ಕಳು. ಅಷ್ಟು ನಕ್ಕು ಎಷ್ಟೋ ತಿಂಗಳಾಗಿತ್ತು.

ಬಂದವಳ ಹೆಸರು ಸೊಲೊಂಗೊ. ತೆಳ್ಳಗಿನ ಹುಡುಗಿ; ಗುಡ್ಡ ಹತ್ತಿ ಏದುಸಿರು ಬಿಡುತ್ತಿದ್ದಳು. ದುಲ್ಮಾ ಆ ದಿನ ಮಗಳನ್ನು ಕಟ್ಟಿರಲಿಲ್ಲ, ನಡುಪಟ್ಟಿಯನ್ನು ಹಾಸಿಗೆಯ ಕೆಳಗೆ ತುರುಕಿದ್ದಳು. ಸೊಲೊಂಗೊ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದಳು. ಕೆಂಪು, ಹಳದಿ, ನೀಲಿ ಬಣ್ಣದ ಚೌಕ ಮರದ ತುಂಡುಗಳು, ದಾರಕ್ಕೆ ಪೋಣಿಸುವ ಮಣಿಗಳು, ಚಿತ್ರದ ಚೀಟಿಗಳು. ಅಂಥದ್ದನ್ನು ಉಯಾಂಗಾ ಕಂಡೇ ಇರಲಿಲ್ಲ. ಅವಳ ಕೈ ತಾನಾಗಿ ಮುಂದೆ ಹೋಯಿತು. ದುಲ್ಮಾ ಕೆಮ್ಮಿದಳು. ಮಗು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕೂತುಬಿಟ್ಟಿತು.

"ಇದು ಯಾವ ಬಣ್ಣ ಪುಟ್ಟಿ?"

"ಗೊತ್ತಿಲ್ಲ."

"ಹೀಗೆ ಒಂದರ ಮೇಲೊಂದು ಇಡ್ತೀಯಾ?"

"ಗೊತ್ತಿಲ್ಲ."

ಮುಕ್ಕಾಲು ಗಂಟೆ ಹಾಗೇ ನಡೆಯಿತು. ಕೊನೆಗೆ ಸೊಲೊಂಗೊ ಕುದುರೆಯ ಚಿತ್ರ ಹಿಡಿದಳು. ಮಗುವಿನ ತುಟಿ ಅಲುಗಿತು. ಅದು ಅಮ್ಮನ ಮುಖ ನೋಡಿತು, ಕಣ್ಣು ತುಂಬಿಕೊಂಡಿತು, ಆಮೇಲೆ ತೀರ ಸಣ್ಣ ದನಿಯಲ್ಲಿ "ಗೊತ್ತಿಲ್ಲ" ಎಂದಿತು. ಸೊಲೊಂಗೊ ಬರೆದುಕೊಂಡಳು.

ಎಲ್ಲ ಮುಗಿದ ಮೇಲೆ ದುಲ್ಮಾ ಕೇಳಿದಳು: "ಟೀಚರ್, ಜಾಗ ಯಾವಾಗ ಸಿಗುತ್ತೆ?"

"ಯಾವ ಜಾಗ ಅಕ್ಕಾ?"

"ಶಿಶುವಿಹಾರದಲ್ಲಿ. ಮಂದ ಇರೋ ಮಕ್ಕಳಿಗೆ..."

ಸೊಲೊಂಗೊ ಪೆನ್ನು ಕೆಳಗಿಟ್ಟಳು. "ಇದು ಬರೀ ಅಧ್ಯಯನ ಅಕ್ಕಾ. ಶಿಶುವಿಹಾರಕ್ಕೆ ಹೋದ ಮಕ್ಕಳಿಗೂ ಹೋಗದೆ ಇರೋ ಮಕ್ಕಳಿಗೂ ಎಷ್ಟು ಫರಕು ಬೀಳುತ್ತೆ ಅಂತ ಮೂರು ವರ್ಷ ನೋಡ್ತೀವಿ. ಜಾಗ ಕೊಡೋದು ನಮ್ಮ ಕೈಲಿಲ್ಲ."

"ಹಾಗಾದ್ರೆ ಅದನ್ನ ಹರಿದು ಹಾಕಿ ಟೀಚರ್. ಇವಳಿಗೆ ಎಲ್ಲಾ ಬರುತ್ತೆ. ನಾನೇ ಹೇಳಬೇಡ ಅಂದಿದ್ದೆ. ಉಯಾಂಗಾ, ಆಟ ಮುಗೀತು. ಹೇಳು, ಇದೇನು?"

"ಕುದುರೆ! ಬೂದು ಕುದುರೆ! ಬಾಲ ಕಪ್ಪು!" ಮಗು ಮರದ ತುಂಡುಗಳ ಮೇಲೆ ಎರಗಿ ಏಳನ್ನು ಒಂದೇ ಉಸಿರಿಗೆ ಪೇರಿಸಿತು. "ಅಮ್ಮಾ, ನಾನು ಗೆದ್ದೆ ತಾನೇ? ಮಿಠಾಯಿ ಕೊಡು."

ಸೊಲೊಂಗೊ ನೋಡುತ್ತಾ ಕೂತಳು. ಅವಳ ಮುಖವೂ ಬಾಡಿತ್ತು. "ಒಂದು ಮಗೂಗೆ ವರ್ಷಕ್ಕೆ ಒಂದೇ ಸಲ ಅಕ್ಕಾ, ಎರಡನೇ ಸಲ ಕೇಳಿದ್ದು ಲೆಕ್ಕಕ್ಕೆ ಬರಲ್ಲ. ಕೆಳಗೆ ಒಂದು ಷರಾ ಬರೀತೀನಿ." ಬರೆದಳು. ಏಳುವಾಗ ಅವಳ ಕಣ್ಣು ಮಂಚದ ಕಾಲಿನ ಮೇಲೆ ಬಿತ್ತು. ಅಲ್ಲಿ ಬಣ್ಣ ಉಜ್ಜಿಹೋಗಿ, ಉಂಗುರದ ಹಾಗೆ ಮರ ಕಾಣುತ್ತಿತ್ತು.

"ಕಟ್ಟದೇ ಹೋದ್ರೆ ಒಲೆಗೆ ಹೋಗ್ತಾಳೆ" ಎಂದಳು ದುಲ್ಮಾ, ಯಾರೂ ಕೇಳದೆ.

ಸೊಲೊಂಗೊಳ ಕಾಗದಗಳಲ್ಲಿ ಮನೆಯಲ್ಲಿ ಎಷ್ಟು ಪುಸ್ತಕ, ನೀರಿನ ಬಾವಿ ಎಷ್ಟು ದೂರ ಎಂಬುದಕ್ಕೆಲ್ಲ ಜಾಗವಿತ್ತು. ಇದಕ್ಕಿರಲಿಲ್ಲ. ಎಲ್ಲ ಮನೆಗೂ ಕೊಡುವ ಹಿಟ್ಟಿನ ಚೀಲವನ್ನು ಬಾಗಿಲ ಬಳಿ ಇಟ್ಟು ಅವಳು ಇಳಿದುಹೋದಳು.

ಆ ಚಳಿಗಾಲ ಕೆಟ್ಟದಾಗಿತ್ತು. ಹೊಗೆ ಗುಡ್ಡದಿಂದ ಮೇಲೇಳದೆ ವಾರಗಟ್ಟಲೆ ಅಲ್ಲೇ ಕೂತಿತು. ಚಿಮ್‌ಗೇ ಅಜ್ಜಿ ಎದೆಗೆ ಕಫ ಕಟ್ಟಿ ಹೊಸ ವರ್ಷಕ್ಕೆ ಮೊದಲೇ ತೀರಿಕೊಂಡಳು. ಮಧ್ಯಾಹ್ನ ಬಂದು ನೋಡುವವರು ಇಲ್ಲವಾದರು. ದುಲ್ಮಾ ಚಹಾದ ಫ್ಲಾಸ್ಕು, ಒಣ ಮೊಸರಿನ ತುಂಡು, ಉಚ್ಚೆಗೆಂದು ಒಂದು ಬೇಸಿನ್ನು ಮಗುವಿನ ಕೈಗೆಟಕುವಂತೆ ಇಟ್ಟು ಹೊರಡುತ್ತಿದ್ದಳು, ಹತ್ತು ಗಂಟೆ ಕಳೆದು ಬರುತ್ತಿದ್ದಳು. ಮೊದಮೊದಲು ಉಯಾಂಗಾ ಅಳುತ್ತಿದ್ದಳು, ಆಮೇಲೆ ಅಳು ನಿಂತಿತು. ಅದನ್ನು ದುಲ್ಮಾ ಒಳ್ಳೆಯದೆಂದೇ ಎಣಿಸಿದಳು. ಸಂಜೆಯ ವರದಿ ಮೊಟಕಾಗುತ್ತ ಬಂತು. ಬಿಸಿಲು ಎಲ್ಲಿ ಹತ್ತಿತೆಂದು ಕೇಳಿದರೆ ಮಗು ಹೆಗಲು ಕುಣಿಸುತ್ತಿತ್ತು. ದಣಿದು ಬಂದ ದುಲ್ಮಾಳಿಗೂ ಎರಡನೆಯ ಸಲ ಕೇಳುವ ತ್ರಾಣವಿರುತ್ತಿರಲಿಲ್ಲ.

ವಸಂತದಲ್ಲಿ ಒಂದು ಭಾನುವಾರ ಕಾರ್ಖಾನೆಗೆ ರಜೆ. ಬೆಳಗಿನ ಚಹಾ ಆಯಿತು. ದುಲ್ಮಾ ಬಟ್ಟೆ ಒಗೆಯಲು ನೀರು ಕಾಯಿಸುತ್ತಿದ್ದಳು. ಹಿಂದಿನಿಂದ ಏನೋ ತಾಗಿದಂತಾಗಿ ತಿರುಗಿ ನೋಡಿದರೆ ಉಯಾಂಗಾ ನಿಂತಿದ್ದಳು, ನಡುಪಟ್ಟಿಯ ತುದಿಯನ್ನು ತಾನೇ ಹಿಡಿದು ತಂದು, ಕಟ್ಟಿಸಿಕೊಳ್ಳಲು ಎರಡೂ ತೋಳು ಮೇಲೆತ್ತಿ.

"ಇವತ್ತು ಬೇಡ ಕಂದಾ, ಅಮ್ಮ ಇಲ್ಲೇ ಇರ್ತೀನಿ" ಎಂದಳು ದುಲ್ಮಾ. ಮಗು ತೋಳು ಇಳಿಸಲಿಲ್ಲ.

ಮತ್ತೆ ಶರತ್ಕಾಲ ಬಂತು. ಲಾಟರಿಯಲ್ಲಿ ಆ ಸಲವೂ ಹೆಸರು ಬರಲಿಲ್ಲ. ಸೊಲೊಂಗೊ ಬರುತ್ತಾಳೆಂದು ಫೋನು ಬಂದ ದಿನದಿಂದ ದುಲ್ಮಾ ಸಂಜೆಯೆಲ್ಲ ಮಗಳನ್ನು ಕೂರಿಸಿಕೊಂಡಳು. ಕೆಂಪು ಅನ್ನು, ನೀಲಿ ಅನ್ನು, ಒಂದು ಎರಡು ಅನ್ನು. ಮಗು ಅವಳ ಬಾಯಿಯನ್ನು ನೋಡುತ್ತಿತ್ತು, ಕೆಲವೊಮ್ಮೆ ಹೇಳುತ್ತಿತ್ತು, ಹೆಚ್ಚಿನ ಸಲ ಇಲ್ಲ.

ಅದೇ ಪೆಟ್ಟಿಗೆ ತೆರೆಯಿತು. ಈ ಸಲ ಉಯಾಂಗಾಳ ಕೈ ತಾನಾಗಿ ಮುಂದೆ ಹೋಗಲಿಲ್ಲ. ಸೊಲೊಂಗೊ ಮರದ ತುಂಡುಗಳನ್ನು ಅವಳ ಮಡಿಲಿಗೇ ಇಟ್ಟಳು. ಮಗು ಮೂರನ್ನು ಪೇರಿಸಿ ಬಿಟ್ಟುಬಿಟ್ಟಿತು.

"ಇದು ಏನು ಪುಟ್ಟಿ?" ನಾಯಿಯ ಚಿತ್ರ.

ಉಯಾಂಗಾ ಅಮ್ಮನ ಕಡೆ ತಿರುಗಿದಳು.

"ಹೇಳಮ್ಮಾ. ಇದು ಆಟ ಅಲ್ಲ. ನಿಜವಾಗ್ಲೂ ಹೇಳು."

ಮಗು ಅಮ್ಮನ ಮುಖದಲ್ಲಿ ಏನನ್ನೋ ಹುಡುಕಿತು, ತುಂಬಾ ಹೊತ್ತು. "ಗೊತ್ತಿಲ್ಲ" ಎಂದಿತು.

ತನಗೆ ನಿಜವಾಗಿಯೂ ಗೊತ್ತಿಲ್ಲವೆಂದು ಮಗು ಹೇಳಿತೋ, ಅಮ್ಮನಿಗೆ ಬೇಕಾದದ್ದು ಅದೇ ಎಂದು ಹೇಳಿತೋ, ದುಲ್ಮಾಳಿಗೆ ತಿಳಿಯಲಿಲ್ಲ. ಹೆತ್ತ ತಾಯಿಗೇ ತಿಳಿಯಲಿಲ್ಲ. ಚಿತ್ರಗಳೆಲ್ಲ ಮುಗಿಯುವವರೆಗೂ ಅದೇ ಉತ್ತರ, ಹೋದ ವರ್ಷದ ನಗುವಾಗಲೀ ಕಣ್ಣೀರಾಗಲೀ ಇಲ್ಲದೆ.

ಸೊಲೊಂಗೊ ಹಾಳೆ ತಿರುವಿ ಹೋದ ವರ್ಷದ ಅಂಕ ನೋಡಿದಳು. ಮತ್ತೊಮ್ಮೆ ನೋಡಿದಳು.

"ಏನಂತೆ ಟೀಚರ್?"

"ಹೆಚ್ಚುಕಮ್ಮಿ ಅಷ್ಟೇ ಇದೆ ಅಕ್ಕಾ."

"ಅಷ್ಟೇ ಅಂದ್ರೆ?"

"ಹೋದ ವರ್ಷ ಎಷ್ಟಿತ್ತೋ ಅಷ್ಟೇ. ಈ ಕಾಗದ ನೋಡಿದೋರಿಗೆ, ಮಗು ಮೊದಲಿಂದ್ಲೂ ಹೀಗೇ ಇತ್ತು ಅನ್ಸುತ್ತೆ."

"ನೀವು ಬರೆದಿದ್ರಲ್ಲ, ಕೆಳಗೆ. ಎಲ್ಲಾ ಬರುತ್ತೆ ಅಂತ."

"ಬರೆದಿದ್ದೆ." ಸೊಲೊಂಗೊ ತಲೆ ಎತ್ತಲಿಲ್ಲ. "ಅಂಕಗಳನ್ನ ಮಾತ್ರ ಕಂಪ್ಯೂಟರಿಗೆ ಹಾಕ್ತಾರೆ. ಷರಾ ಯಾರೂ ಹಾಕಲ್ಲ."

"ಏಳು ಪೇರಿಸಿದ್ಲು ಟೀಚರ್. ನೀವು ನೋಡಿದ್ರಿ. ಬಾಲ ಕಪ್ಪು ಅಂದ್ಲು. ನೋಡಿದ್ರಿ ತಾನೇ?"

"ನೋಡಿದೆ ಅಕ್ಕಾ."

"ಮತ್ತೆ ಅದನ್ನ ಹೇಳಿ, ನಿಮ್ಮ ದೊಡ್ಡೋರಿಗೆ!"

"ಹೇಳಿದ್ದೀನಿ. ಒಂದು ಮಗು ಒಂದು ಮಗು ಅಂತ ನೋಡಕ್ಕಾಗಲ್ಲ ಅಂದ್ರು. ಎಲ್ಲಾ ಗುಡ್ಡಗಳೂ ಸೇರಿ ಎಂಟುನೂರು ಮಕ್ಕಳಿದಾರೆ."

ಅವಳು ಪೆಟ್ಟಿಗೆ ಮುಚ್ಚಿದಳು. ಹೊರಡುವಾಗ ಒಂದು ಕೆಂಪು ಮರದ ತುಂಡನ್ನು ಉಯಾಂಗಾಳ ಕೈಯಲ್ಲಿಟ್ಟು ಬೆರಳು ಮಡಿಸಿದಳು. ಬಾಗಿಲು ಹಾಕಿಕೊಂಡ ಮೇಲೆ ಮಗು ಅದನ್ನು ಹಿಟ್ಟಿನ ಚೀಲದ ಪಕ್ಕ ನೆಲಕ್ಕಿಟ್ಟಿತು.

ಮಾರನೆಯ ದಿನದಿಂದ ದುಲ್ಮಾ ಮಗಳನ್ನು ಕಾರ್ಖಾನೆಗೆ ಕರೆದೊಯ್ದಳು. ಉಣ್ಣೆ ಮೂಟೆಗಳ ಹಿಂದೆ ಕೂರಿಸಿ, ಕೈ ಆಡಿಸುತ್ತಲೇ ಕತೆ ಹೇಳಿದಳು. ಧೂಳಿಗೆ ಮಗುವಿಗೆ ಕೆಮ್ಮು ಹತ್ತಿತು. ಹನ್ನೆರಡನೆಯ ದಿನ ಮೇಸ್ತ್ರಿ ಅದರ ಸದ್ದು ಹಿಡಿದು ಬಂದ. "ಇದು ಕೂಸಿನ ಮನೆಯಲ್ಲಮ್ಮ, ಇಬ್ರೂ ನಡೀರಿ" ಎಂದ. ದುಲ್ಮಾ ಕೈ ಮುಗಿಯಲಿಲ್ಲ, ಬೇಡಿಕೊಳ್ಳಲಿಲ್ಲ. ಉಳಿದ ಚಳಿಗಾಲವನ್ನು ಅಕ್ಕಪಕ್ಕದವರ ನೀರು ಹೊತ್ತು, ಸಂತೆಯಲ್ಲಿ ಪಾತ್ರೆ ಉಜ್ಜಿ, ಮಗಳನ್ನು ಬೆನ್ನಿಗಂಟಿಸಿಕೊಂಡೇ ಕಳೆದಳು. ಕೆಲವು ದಿನ ಊಟವಿತ್ತು, ಕೆಲವು ದಿನ ಬರೀ ಚಹಾ.

ಸೆಪ್ಟೆಂಬರಿನಲ್ಲಿ ಉಯಾಂಗಾ ಶಾಲೆಗೆ ಸೇರಿದಳು. ಜಡೆಗೆ ದೊಡ್ಡ ಬಿಳಿ ಹೂವಿನಂಥ ರಿಬ್ಬನ್ನು. ಅದೇ ಶಾಲೆಯಲ್ಲಿ ನೆಲ ಒರೆಸುವ ಕೆಲಸ ದುಲ್ಮಾಳಿಗೆ ಸಿಕ್ಕಿತ್ತು. ಶಿಶುವಿಹಾರದಿಂದ ಬಂದ ಮಕ್ಕಳು ಆಗಲೇ ಅಕ್ಷರ ಬರೆಯುತ್ತಿದ್ದರು. ಉಯಾಂಗಾಳನ್ನು ಕಿಟಕಿಯ ಪಕ್ಕದ ಕೊನೆಯ ಸಾಲಿನಲ್ಲಿ ಕೂರಿಸಿದ್ದರು. "ಒಳ್ಳೆ ಹುಡುಗಿ, ಸದ್ದೇ ಇಲ್ಲ" ಎಂದಿದ್ದಳು ಮೇಡಂ.

ಹತ್ತು ಗಂಟೆಗೆ ಇಡೀ ತರಗತಿ ಅಕ್ಷರಮಾಲೆಯನ್ನು ಒಟ್ಟಿಗೆ ಕೂಗುತ್ತಿತ್ತು. ಆ ಹೊತ್ತಿಗೆ ದುಲ್ಮಾ ಪಡಸಾಲೆಯ ಉಳಿದ ಭಾಗವನ್ನು ಒರೆಸಿ ಮುಗಿಸಿ ಆ ಬಾಗಿಲಿಗೆ ಬಂದಿರುತ್ತಿದ್ದಳು. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಮೂವತ್ತೆಂಟು ದನಿಗಳಲ್ಲಿ ಒಂದಕ್ಕಾಗಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಎಷ್ಟೋ ದಿನ ನಿಂತಳು. ಗಂಟೆ ಹೊಡೆದಾಗ ಬಕೆಟ್ಟು ಎತ್ತಿಕೊಂಡು ಮೆಟ್ಟಿಲಿನ ಕಡೆ ಹೋಗುತ್ತಿದ್ದಳು.